ತಲೆ ಅಲುಗದ ಎಂಟು ನಿಮಿಷ: ನನ್ನ ಅನುಭವ

ಕಾಸರಗೋಡಲ್ಲಿ ಕೂತು 1.5 ಟೆಸ್ಲಾ (ಆಯಸ್ಕಾಂತದ ಬಲದ ಅಳತೆ) ಎಂಆರ್‌ಐ ಮಿಷನಲ್ಲಿ, ಸೈಕೋಸಿಸ್ (ಇಲ್ಲದ ದನಿ ಕೇಳುವಂಥ ಮನಸ್ಸಿನ ಕಾಯಿಲೆ) ಈಗಷ್ಟೇ ಶುರುವಾದ ಹುಡುಗರ ರೆಸ್ಟಿಂಗ್ ಸ್ಟೇಟ್, ಅಂದ್ರೆ ಸುಮ್ಮನೆ ಮಲಗಿದ್ದಾಗಿನ ಮಿದುಳಿನ ಸ್ಕ್ಯಾನ್, ತೆಗಿಯುದಾ, ಹಣ ಚಂದ್ರಗಿರಿ ಹೊಳೆಗೆ ಹಾಕಿದ ಹಾಗೆ ಅಂತ ಹೇಳಿದವರೇ ಎಲ್ಲ. ಈಗ ಡಾಟಾ ಕೈಯಲ್ಲುಂಟು, ಹಾಗಾಗಿ ಬರೀತಿದ್ದೇನೆ.

ಮೊದಲು ಮಾಡಿದ್ದು 11 ಸ್ಕ್ಯಾನೋ 12ಓ, ಅದರಲ್ಲಿ 7 ಬಿಸಾಡಿದ್ದು. ರಾತ್ರಿ ಸ್ಲಾಟು ಗಂಟೆಗೆ ಮೂರೂವರೆ ಸಾವಿರದ ಹತ್ತಿರ, ಮನೆಯವರ ಜೀಪು ಬಾಡಿಗೆ ಬೇರೆ, ಒಟ್ಟು 60 ಸಾವಿರ ಹೋಗಿರ್ಬಹುದು, ಅರ್ಧ ನನ್ನ ಸಂಬಳದ್ದೇ. ಉಳಿದದ್ದರಲ್ಲಿ ರಿಸಲ್ಟ್ ಎಷ್ಟು ಚಂದ ಅಂದ್ರೆ, ಮಿದುಳಿನ ದೂರದೂರದ ಭಾಗಗಳ ಕನೆಕ್ಷನೆಲ್ಲ ವೀಕು, ಹತ್ತಿರದ್ದೆಲ್ಲ ಸ್ಟ್ರಾಂಗು, ಖುಷಿಯಲ್ಲಿ ನಿದ್ದೆ ಬರ್ಲಿಲ್ಲ. ಮತ್ತೆ ಫ್ರೇಮ್‌ವೈಸ್ ಡಿಸ್‌ಪ್ಲೇಸ್‌ಮೆಂಟ್ (ಒಂದು ಚಿತ್ರದಿಂದ ಇನ್ನೊಂದಕ್ಕೆ ತಲೆ ಎಷ್ಟು ಅಲುಗಿತು ಅನ್ನುವ ಲೆಕ್ಕ) ಹಾಕಿ ನೋಡಿದ್ರೆ ನಮ್ಮ ಹುಡುಗರದ್ದು 0.4 ಮಿಮೀ ಸುತ್ತಮುತ್ತ, ಕಂಟ್ರೋಲಿಗೆ, ಅಂದ್ರೆ ಹೋಲಿಸಿ ನೋಡ್ಲಿಕ್ಕೆ, ಬಂದ ಕಾಲೇಜು ಮಕ್ಕಳದ್ದು ಅದರ ಅರ್ಧವೂ ಇಲ್ಲ. ತಲೆ ಅಲುಗಿದ್ದನ್ನೇ ಕಾಯಿಲೆ ಅಂತ ಅಳೆದು ಕೂತಿದ್ದೆ. ಅಲುಗಿದ್ರೆ ದೂರದ್ದು ವೀಕಾಗಿ, ಹತ್ತಿರದ್ದು ಸ್ಟ್ರಾಂಗಾಗಿ ಕಾಣ್ತದೆ ಅಂತ 2012ರಲ್ಲೇ ಪವರ್ ಅನ್ನುವ ಸಂಶೋಧಕ ಮತ್ತು ಜೊತೆಯವರು ಬರೆದದ್ದು, ಓದಿಯೂ ಇದ್ದೆ, ಬೇಸರ ಆದದ್ದು ಅದಕ್ಕೇ.

ದಾರಿ ತೋರಿಸಿದ್ದು ಪೆರ್ಲ ಕಡೆಯ ಒಬ್ಬ ಹುಡುಗ. ಅವ ಒಳಗೆ ಮಲಗಿದ್ದಾಗ ಟೆಕ್ನಿಷಿಯನ್ ಹೆಡ್‌ಫೋನಿನಲ್ಲಿ ಮಲಯಾಳದಲ್ಲಿ "ಅನಙ್ಙರುದ್" (ಅಲುಗಬಾರದು) ಅಂದ್ರು. ಹುಡುಗ ತಲೆ ಎತ್ತಿ "ಯಾರು? ಎಂತ?" ಅಂತ ಕೇಳಿದ, ಕೈ ನಡುಗ್ತಿತ್ತು. ಮೊದಲೇ ಯಾರೋ ಮಾತಾಡುವುದು ಕೇಳ್ತಾ ಇರುವವನ ಕಿವಿಗೆ ಎಲ್ಲಿಂದಲೋ ಇನ್ನೊಂದು ದನಿ! ಅವತ್ತಿಂದ ಸ್ಪೀಕರ್ ಮಾತು ಬಂದ್. ಹೇಳುವುದನ್ನೆಲ್ಲ ಅಮ್ಮನ ಹತ್ತಿರವೇ ಮನೆಮಾತಲ್ಲಿ ರೆಕಾರ್ಡ್ ಮಾಡಿಸಿ ಮೊದಲೇ ನಾಲ್ಕು ಸಲ ಕೇಳಿಸುದು.

ಎರಡನೆಯದ್ದು ಟ್ಯಾಂಕು. ಹಳೇ ಪ್ಲಾಸ್ಟಿಕ್ ನೀರಿನ ಟ್ಯಾಂಕಿನ ಎರಡೂ ಕಡೆ ಕೊಯ್ಸಿ, ಒಳಗೆ ಮಿಷನಿನಷ್ಟೇ 60 ಸೆಂಟಿಮೀಟರ್ ಸಿಗುವ ಹಾಗೆ ಮಾಡಿ, ಕನ್ಸೋಲ್ ರೂಮಿಂದ (ಮಿಷನ್ ನಡೆಸುವ ಕೋಣೆ) ಮೊಬೈಲಲ್ಲಿ ಹಿಡಿದ ಮಿಷನಿನ ಶಬ್ದ ಹಾಕಿ ಅವರವರ ಮನೆ ಜಗಲಿಯಲ್ಲೇ ಮೂರು ದಿನ ಪ್ರಾಕ್ಟೀಸ್. ಖರ್ಚು 1800ರ ಹತ್ತಿರ. ಒಂದು ಮನೆಯಲ್ಲಿ ಅಜ್ಜಿ ಮೊದಲು ಮಲಗಿ ತೋರಿಸಿದ್ರು, ಮತ್ತೆಯೇ ಮೊಮ್ಮಗ ಹೋದದ್ದು. ಹಣೆಗೆ ಅಡ್ಡ ಪೇಪರ್ ಟೇಪು, ಅಲುಗಿದ್ರೆ ಚರ್ಮ ಎಳೆದು ಅವನಿಗೇ ಗೊತ್ತಾಗ್ತದೆ. ಕಿವಿಯ ಪಕ್ಕದ ದಿಂಬಿನೊಳಗೆ ಎಂತ ತುಂಬಿಸ್ತೇನೆ ಅನ್ನುದು ಸದ್ಯಕ್ಕೆ ನನ್ನ ಹತ್ತಿರವೇ ಇರ್ಲಿ.

ನಡುವೆ ಕಾಫಿ ಕುಡಿದು, ಕುಡಿಯದೆ ನನ್ನದೇ ತಲೆ ಎರಡು ಸಲ ತೆಗೆಸಿದೆ, ವ್ಯತ್ಯಾಸ ಕಣ್ಣಿಗೇ ಕಾಣ್ತಿತ್ತು, ಹಾಗೆ ಎಲ್ಲರಿಗೂ ಬೆಳಿಗ್ಗೆಯಿಂದ ಕಾಫಿ ಇಲ್ಲ. ಎಲೆಅಡಿಕೆಯೂ ಇಲ್ಲ, ಜೊಲ್ಲು ನುಂಗುವಾಗ ದವಡೆ ಜೊತೆ ತಲೆಯೂ ಹೋಗ್ತದೆ.

ಮತ್ತೆ ಮಾಡಿದ 23ರಲ್ಲಿ 19 ಉಳಿಯಿತು, ಒಬ್ಬೊಬ್ಬರದ್ದು 240 ವಾಲ್ಯೂಮು (ಇಡೀ ಮಿದುಳಿನ ಒಂದೊಂದು ಚಿತ್ರ), ಅಲುಗಾಟ 0.15 ಮಿಮೀ ಹತ್ತಿರ. ಕಂಟ್ರೋಲಿನವರಿಗೂ ಅದೇ ಟ್ಯಾಂಕು, ಅದೇ ಟೇಪು. ಮೊದಲಿನ ಚಂದದ ರಿಸಲ್ಟ್ ಮುಕ್ಕಾಲು ಮಾಯ. ಉಳಿದದ್ದು, ಥಲಾಮಸ್‌ನಿಂದ (ಮಿದುಳಿನ ನಡುವಿನ ಜಂಕ್ಷನ್) ಪ್ರೀಫ್ರಂಟಲ್‌ಗೆ (ಹಣೆಯ ಹಿಂದಿನ ಭಾಗ) ಹೋಗುವ ಕನೆಕ್ಷನ್ ವೀಕು, ಸೆನ್ಸರಿಮೋಟರ್ (ಸ್ಪರ್ಶ, ಚಲನೆ ನೋಡುವ ಭಾಗ) ಕಡೆಯದ್ದು ಜಾಸ್ತಿ, ಇನ್ನೂ ಬಲದ 3 ಟೆಸ್ಲಾ ಮಿಷನಿನವರು ಎಷ್ಟೋ ಸಲ ತೋರಿಸಿದ್ದೂ ಇದನ್ನೇ. ಇದು ಕಾಯಿಲೆಯದ್ದಾ ಮಾತ್ರೆಯದ್ದಾ ಅನ್ನುವ ಪ್ರಶ್ನೆ ಉಂಟು, ಹುಡುಗರೆಲ್ಲ ಮಾತ್ರೆ ಶುರು ಮಾಡಿ ಕೆಲವು ವಾರ ಆದವರೇ. ಆದ್ರೂ ನಮ್ಮ ಹಳೇ ಮಿಷನಲ್ಲಿ ಅದು ಕಂಡಿತಲ್ಲ!

ಪೆರ್ಲದ ಹುಡುಗ ಮೊನ್ನೆ ಪುನಃ ಬಂದಿದ್ದ, 8 ನಿಮಿಷ ಪೂರ್ತಿ ಮಲಗಿದ. ಟ್ಯಾಂಕು ಈಗ ಬದಿಯಡ್ಕದ ಒಂದು ಮನೆಯಲ್ಲುಂಟು, ಆದಿತ್ಯವಾರ ತರ್ಲಿಕ್ಕೆ ಹೋಗ್ಬೇಕು.