ಅನಾಟಮಿ ವಿಡಿಯೋ ಪ್ಲೇ ಮಾಡಿ ಸುಮ್ನೆ ಕೂತ್ರೆ ತಲೆಗೆ ಹತ್ತಲ್ಲ, ಹೀಗೆ ನೋಡಿ

ಅನಾಟಮಿ, ಅಂದ್ರೆ ದೇಹದ ರಚನೆ, ಓದೋರಿಗೆಲ್ಲ ಒಂದೇ ಗೋಳು, ಪುಸ್ತಕದ ಚಿತ್ರ ನೋಡ್ದಾಗ ಎಲ್ಲಾ ಅರ್ಥ ಆದಂಗಿರುತ್ತೆ, ದೇಹ ಕೊಯ್ದು ನೋಡೋ ಡಿಸೆಕ್ಷನ್ ಟೇಬಲ್ ಹತ್ರ ನಿಲ್ಲಿಸಿ ಒಂದು ದಾರದಂಥದ್ದನ್ನ ಎತ್ತಿ ತೋರ್ಸಿ ಇದೇನು ಅಂತ ಕೇಳಿದ್ರೆ ಬಾಯಿ ಕಟ್ಟೋಗುತ್ತೆ. ಚಿತ್ರದಲ್ಲಿ ಆರ್ಟರಿ (ಅಪಧಮನಿ) ಕೆಂಪು, ವೇನ್ (ಅಭಿಧಮನಿ) ನೀಲಿ, ನರ್ವ್ (ನರ) ಹಳದಿ ಇರುತ್ತಲ್ಲ, ನಿಜವಾದ ದೇಹಕ್ಕೆ ಯಾರೂ ಹಂಗೆ ಬಣ್ಣ ಬಳ್ದಿರಲ್ಲ. ಅದಕ್ಕೇ ಕೊಯ್ದು ಸಿದ್ಧ ಮಾಡಿದ ನಿಜವಾದ ದೇಹದ ಭಾಗ, ಅಂದ್ರೆ ಸ್ಪೆಸಿಮನ್‌ನ ಕ್ಯಾಮೆರಾ ಮುಂದೆ ತಿರುಗಿಸ್ತಾ ತೆಗೆದಿರೋ ವಿಡಿಯೋಗಳು ಸಿಕ್ರೆ ಬಿಡ್ಬೇಡಿ, ಅದ್ರಲ್ಲಿ ಎಲ್ಲಾ ಥ್ರೀಡಿ ಥರ ಆಳ ಸಮೇತ ಕಾಣುತ್ತೆ. ಆದ್ರೆ ನೋಡೋಕೂ ಒಂದು ಕ್ರಮ ಇದೆ.

ಮೊದ್ಲು ಯಾವ ವಿಡಿಯೋ ಅಂತ ಆರಿಸ್ಕೊಳ್ಳಿ. ಕೊಳೆಯದಿರ್ಲಿ ಅಂತ ಫಾರ್ಮಲಿನ್ ಅನ್ನೋ ರಾಸಾಯನಿಕ ಹಾಕಿದ ಸ್ಪೆಸಿಮನ್ ಕಂದು ಬಣ್ಣಕ್ಕೆ ತಿರುಗಿ ಬಿರುಸಾಗಿರುತ್ತೆ, ಫಾರ್ಮಲಿನ್ ಹಾಕದೆ ತಾಜಾ ಇರೋವಾಗ್ಲೇ ಶೂಟ್ ಮಾಡಿರೋದಾದ್ರೆ ಮಸಲ್ ಬಣ್ಣ ಉಳ್ದಿರುತ್ತೆ, ಜಾಯಿಂಟ್ ಮಡಚಿ ಬಿಚ್ಚಿ ತೋರಿಸ್ಬಹುದು, ಮಸಲನ್ನ ಮೂಳೆಗೆ ಕಟ್ಟೋ ಟೆಂಡನ್ ಎಳೆದ್ರೆ ಬೆರಳು ಬಾಗೋದೂ ಕಾಣುತ್ತೆ. ಎರಡ್ರಲ್ಲಿ ಒಂದು ಅಂದ್ರೆ ತಾಜಾದೇ ಇರ್ಲಿ.

ಇನ್ನು ಈ ಥ್ರೀಡಿ ಅನ್ನೋದು ಬರೋದು ಎಲ್ಲಿಂದ? ಸ್ಕ್ರೀನ್ ಅಂತೂ ಚಪ್ಪಟೆ, ಕಣ್ಣಿಗೆ ಕನ್ನಡಕಾನೂ ಇಲ್ಲ. ಸ್ಪೆಸಿಮನ್ ತಿರುಗುವಾಗ ಹತ್ರ ಇರೋದು ಒಂದು ಥರ ಸರಿಯುತ್ತೆ, ಹಿಂದೆ ಇರೋದು ಇನ್ನೊಂದು ಥರ ಸರಿಯುತ್ತೆ, ಆ ವ್ಯತ್ಯಾಸ ನೋಡಿ ಮಿದುಳು ತಾನೇ ಆಳದ ಲೆಕ್ಕ ಹಾಕ್ಕೊಳ್ಳುತ್ತೆ. 1950ರ ದಶಕದಲ್ಲಿ ಡೇವಿಡ್ ಬ್ಯಾಸೆಟ್ ಅನ್ನೋ ಅನಾಟಮಿಸ್ಟ್, ಥ್ರೀಡಿ ಫೋಟೋ ನೋಡೋ ವ್ಯೂಮಾಸ್ಟರ್ ಅನ್ನೋ ಸಾಧನ ಕಂಡುಹಿಡಿದ ವಿಲಿಯಂ ಗ್ರೂಬರ್ ಜೊತೆ ಸೇರಿ ಎಡಗಣ್ಣಿಗೊಂದು ಬಲಗಣ್ಣಿಗೊಂದು ಅಂತ ಜೋಡಿ ಫೋಟೋ ತೆಗೆದು ಇದೇ ಆಳ ತೋರ್ಸಿದ್ರು, ಅದ್ಭುತ ಕೆಲ್ಸ, ಆದ್ರೆ ಫೋಟೋದಲ್ಲಿ ಹಿಂದೆ ಏನಿದೆ ಅಂತ ಬಗ್ಗಿ ನೋಡೋಕಾಗಲ್ಲ. ವಿಡಿಯೋದಲ್ಲಿ ಆಗುತ್ತೆ. ಅದಕ್ಕೇ ಸ್ಪೆಸಿಮನ್ ತಿರುಗ್ತಿರೋ ಆ ನಾಲ್ಕೈದು ಸೆಕೆಂಡ್ ಇದ್ಯಲ್ಲ, ಅಲ್ಲಿ ಲೇಬಲ್ ಓದ್ಬೇಡಿ, ನೋಟ್ಸ್ ಬರೀಬೇಡಿ, ಸುಮ್ನೆ ನೋಡಿ. 1.5 ಸ್ಪೀಡಲ್ಲಿ ಓಡಿಸೋರು ಇದನ್ನೇ ಕಳ್ಕೊಳ್ಳೋದು.

ಶುರು ಮಾಡೋದು ಮೂಳೆಯಿಂದ. ಮಸಲ್ ಇಂದ ಶುರು ಮಾಡೋಣ ಅನ್ಸುತ್ತೆ, ಬೇಡ. ಉದಾಹರಣೆಗೆ ಭುಜ ತಗೊಳ್ಳಿ. ಸ್ಕ್ಯಾಪುಲಾ, ಅಂದ್ರೆ ಹೆಗಲ ಹಲಗೆ ಮೂಳೆ, ಕಂಡ ತಕ್ಷಣ ಪಾಸ್ ಒತ್ತಿ ಇದು ಎಡದ್ದಾ ಬಲದ್ದಾ ಅಂತ ನೀವೇ ಹೇಳಿ: ಸ್ಪೈನ್ ಅನ್ನೋ ಏಣು ನಿಮ್ಮ ಕಡೆ ಇದ್ರೆ ನೀವು ಹಿಂದಿನಿಂದ ನೋಡ್ತಿದೀರ, ತೋಳಿನ ಮೂಳೆ ಹ್ಯೂಮರಸ್ ಕೂರೋ ಗುಳಿ, ಅಂದ್ರೆ ಗ್ಲೀನಾಯ್ಡ್, ಆಗ ನಿಮ್ಮ ಬಲಕ್ಕಿದ್ರೆ ಅದು ಬಲಭುಜದ್ದು. ಇದು ಗೊತ್ತಾಗದೆ ಮುಂದೆ ಹೋದ್ರೆ ಮೇಲೆ ಬರೋ ಮಸಲ್ ಎಲ್ಲಾ ಕಲಸುಮೇಲೋಗರ ಆಗುತ್ತೆ. ಆಮೇಲೆ ಮೂಳೆಗೆ ಮೂಳೆ ಕಟ್ಟೋ ಲಿಗಮೆಂಟ್, ಆಮೇಲೆ ರೊಟೇಟರ್ ಕಫ್ ಅನ್ನೋ ನಾಲ್ಕು ಮಸಲ್. ಸುಪ್ರಾಸ್ಪೈನೇಟಸ್ ಮೇಲಿಂದ ಬರುತ್ತೆ, ಇನ್‌ಫ್ರಾಸ್ಪೈನೇಟಸ್ ಮತ್ತೆ ಟೀರಿಸ್ ಮೈನರ್ ಹಿಂದಿಂದ, ಸಬ್‌ಸ್ಕ್ಯಾಪುಲಾರಿಸ್ ಮುಂದಿಂದ. ಪುಸ್ತಕದಲ್ಲಿ ಇದಕ್ಕೆ ಮುಂದಿನ ಚಿತ್ರ ಬೇರೆ, ಹಿಂದಿನ ಚಿತ್ರ ಬೇರೆ, ನಾಲ್ಕೂ ಸೇರಿ ಒಂದೇ ಹ್ಯೂಮರಸ್ ತಲೆಯನ್ನ ಮೂರು ಕಡೆಯಿಂದ ತಬ್ಬಿಕೊಂಡಿರೋದು ತಿರುಗಿಸಿದಾಗಷ್ಟೇ ಕಾಣುತ್ತೆ. ಸ್ಪೈನಿನ ಹೊರತುದಿಯಾದ ಅಕ್ರೋಮಿಯಾನ್ ಕೆಳಗೆ ಸುಪ್ರಾಸ್ಪೈನೇಟಸ್ ಟೆಂಡನ್ ನುಸುಳಿ ಹೋಗೋ ಸಂದಿ ಎಷ್ಟು ಕಿರಿದು ಅಂತ ನೋಡಿ, ಕೈ ಎತ್ತಿದಾಗ ಭುಜ ನೋಯುತ್ತೆ ಅಂತ ಬರೋರ ಕಂಪ್ಲೇಂಟ್ ಎಷ್ಟೋ ಸಲ ಆ ಸಂದಿಯದ್ದೇ.

ನೋಡೋದು ಒಂದೇ ಸಲ ಅಲ್ಲ. ಮೊದಲನೇ ಸಲ ನಿಲ್ಲಿಸದೆ ಪೂರ್ತಿ ನೋಡಿ. ಎರಡನೇ ಸಲ ಸೌಂಡ್ ಆಫ್ ಮಾಡಿ, ಲೇಬಲ್ ಬರೋಕೆ ಮುಂಚೆ ಹೆಸರು ಬಾಯಿಬಿಟ್ಟು ಹೇಳಿ, ಮನಸ್ಸಲ್ಲಿ ಅಂದ್ಕೊಂಡ್ರೆ ಲೆಕ್ಕಕ್ಕಿಲ್ಲ. ಆಮೇಲಿಂದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ, ಪ್ರತಿ ಪದರ ತೆಗೆಯೋಕೆ ಮುಂಚೆ ನಿಲ್ಲಿಸಿ ಇದರ ಹಿಂದೆ ಏನಿರುತ್ತೆ ಅಂತ ಊಹೆ ಮಾಡಿ ಆಮೇಲೆ ಪ್ಲೇ ಒತ್ತಿ. ಮಣಿಕಟ್ಟಲ್ಲಿ ಫ್ಲೆಕ್ಸರ್ ರೆಟಿನಾಕ್ಯುಲಮ್ ಅನ್ನೋ ಅಡ್ಡ ಪಟ್ಟಿ ಕಂಡ್ರೆ ನಿಲ್ಲಿಸಿ. ಕೆಳಗೆ ಏನೇನಿದೆ? ಮೀಡಿಯನ್ ನರ್ವ್, ಜೊತೆಗೆ ಬೆರಳು ಮಡಚೋ 9 ಟೆಂಡನ್, ಅಂದ್ರೆ ಸೂಪರ್‌ಫಿಶಿಯಾಲಿಸ್ 4, ಪ್ರೊಫಂಡಸ್ 4, ಹೆಬ್ಬೆರಳಿನ ಫ್ಲೆಕ್ಸರ್ ಪಾಲಿಸಿಸ್ ಲಾಂಗಸ್ 1. ಅಲ್ನಾರ್ ನರ್ವ್ ಅದ್ರಲ್ಲಿ ಇಲ್ಲ, ಅದು ರೆಟಿನಾಕ್ಯುಲಮ್ ಮೇಲಿಂದ ಹೋಗುತ್ತೆ, ರೆಟಿನಾಕ್ಯುಲಮ್ ಕೆಳಗೆ ಮೀಡಿಯನ್ ನರ್ವ್ ಒತ್ತಿಹೋಗೋ ಕಾರ್ಪಲ್ ಟನಲ್ ಸಿಂಡ್ರೋಮಲ್ಲಿ ಕಿರುಬೆರಳು ಜೋಮು ಹಿಡಿಯದೆ ಉಳಿಯೋದು ಅದಕ್ಕೇ. ಊಹೆ ತಪ್ಪಾದ್ರೂ ಪರ್ವಾಗಿಲ್ಲ, ತಪ್ಪಾಗಿದ್ದು ಚೆನ್ನಾಗಿ ನೆನಪಿರುತ್ತೆ.

ಜೊತೆಜೊತೆಗೆ ನಿಮ್ಮ ಕೈಯನ್ನೇ ಮುಟ್ಟಿ ನೋಡ್ಕೊಳ್ತಾ ಇರಿ. ಮುಂಗೈ ಮಗುಚಿದಾಗ ಕಿರುಬೆರಳ ಕಡೆ ಮೂಳೆ ಅಲ್ನಾ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತೆ, ಹೆಬ್ಬೆರಳ ಕಡೆ ಮೂಳೆ ರೇಡಿಯಸ್ ಅದನ್ನ ದಾಟ್ಕೊಂಡು ಅಡ್ಡ ಬರುತ್ತೆ, ವಿಡಿಯೋದಲ್ಲಿ ನೋಡ್ತಾ ಇನ್ನೊಂದು ಕೈಲಿ ಹಿಡ್ಕೊಂಡ್ರೆ ಗೊತ್ತಾಗುತ್ತೆ. ಹೆಬ್ಬೆರಳು ಮೇಲಕ್ಕೆ ಚಾಚಿ, ಬುಡದಲ್ಲಿ ಒಂದು ಗುಳಿ ಬೀಳುತ್ತಲ್ಲ, ಅದ್ರ ತಳದಲ್ಲಿ ಸ್ಕೇಫಾಯ್ಡ್ ಮೂಳೆ, ಅದ್ರ ಮೇಲೆ ಹಾದುಹೋಗೋದು ರೇಡಿಯಲ್ ಆರ್ಟರಿ, ಬೆರಳಿಟ್ರೆ ಮಿಡಿತ ಸಿಗುತ್ತೆ.

ವಿಡಿಯೋದ ಮಿತಿಗಳೂ ಇವೆ. ತೋರ್ಸೋದು ಒಬ್ಬ ಮನುಷ್ಯನ ದೇಹ ಅಷ್ಟೇ, ನಿಮ್ಮ ಮುಂದಿರೋ ದೇಹ ಹಂಗೇ ಇರ್ಬೇಕು ಅಂತ ಇಲ್ಲ. ಮುಂಗೈಯ ಪಾಲ್ಮಾರಿಸ್ ಲಾಂಗಸ್ ಅನ್ನೋ ಮಸಲ್ ಅಂತೂ ಎಷ್ಟೋ ಜನಕ್ಕೆ ಇರೋದೇ ಇಲ್ಲ: ಹೆಬ್ಬೆರಳು ಕಿರುಬೆರಳು ಕೂಡಿಸಿ ಮಣಿಕಟ್ಟು ಸ್ವಲ್ಪ ಮಡಚಿ, ನಡುವಲ್ಲಿ ತಂತಿ ಎದ್ದು ನಿಂತ್ರೆ ನಿಮಗಿದೆ. ಇನ್ನೊಂದು, ವಿಡಿಯೋಗೆ ಅಂತ ಕೊಬ್ಬು, ಮಸಲ್ ಸುತ್ತೋ ಪೊರೆ ಫೇಷಿಯಾ ಎಲ್ಲಾ ಶುದ್ಧವಾಗಿ ತೆಗೆದಿರ್ತಾರೆ, ಟೇಬಲ್ ಮೇಲೆ ಅರ್ಧ ಟೈಮ್ ಅದನ್ನ ಬಿಡಿಸೋದ್ರಲ್ಲೇ ಹೋಗುತ್ತೆ. ನರ್ವ್ ಗಟ್ಟಿ ಹುರಿ ಥರ, ವೇನ್ ಗೋಡೆ ತೆಳ್ಳಗೆ ಚಪ್ಪಟೆ, ಆರ್ಟರಿ ಗೋಡೆ ದಪ್ಪ, ಈ ವ್ಯತ್ಯಾಸ ಬೆರಳಿಗೇ ಸಿಗ್ಬೇಕು, ಹಂಗಾಗಿ ಡಿಸೆಕ್ಷನ್ ಅವಕಾಶ ಇದ್ರೆ ತಪ್ಪಿಸ್ಬೇಡಿ. ಅಂದ್ಹಾಗೆ ಇವೆಲ್ಲಾ ಯಾರೋ ದಾನ ಕೊಟ್ಟ ದೇಹ, ಸ್ಕ್ರೀನ್‌ಶಾಟ್ ತೆಗೆದು ಗ್ರೂಪಲ್ಲಿ ಹಾಕಿ ಜೋಕ್ ಮಾಡೋ ಬುದ್ಧಿ ಬೇಡ.

ಒಂದು ಭಾಗ ಗಟ್ಟಿ ಆದ್ಮೇಲೆ ಅದನ್ನೇ ಅಡ್ಡ ಸೀಳಿದ ಚಿತ್ರಗಳಲ್ಲಿ ನೋಡಿ. ಅಮೆರಿಕದ ವಿಸಿಬಲ್ ಹ್ಯೂಮನ್ ಪ್ರಾಜೆಕ್ಟ್ ಒಬ್ಬ ಗಂಡಸಿನ ದೇಹವನ್ನ 1 ಮಿಲಿಮೀಟರ್ ಅಂತರದಲ್ಲಿ ಸ್ಲೈಸ್ ಮಾಡಿ ತೆಗೆದ ಫೋಟೋಗಳನ್ನ 1994ರಲ್ಲೇ ಹೊರಗೆ ಬಿಟ್ಟಿದೆ, ಮಾರನೇ ವರ್ಷ ಹೆಂಗಸಿನದು 0.33 ಮಿಲಿಮೀಟರಲ್ಲಿ ಬಂತು. ಸಿಟಿ ಸ್ಕ್ಯಾನೂ ಇಂಥದ್ದೇ ಅಡ್ಡ ಸೀಳು, ಅದನ್ನ ನೋಡೋವಾಗ ಒಂದು ವಿಷ್ಯ ನೆನಪಿಡಿ, ಪೇಷಂಟ್ ಮಲಗಿರ್ತಾರೆ, ನೀವು ಪಾದದ ಕಡೆಯಿಂದ ನೋಡ್ತಿರ್ತೀರ, ಅವರ ಬಲಗಡೆ ನಿಮ್ಮ ಎಡಕ್ಕೆ ಬರುತ್ತೆ, ಲಿವರ್ ಸ್ಕ್ರೀನಿನ ಎಡಭಾಗದಲ್ಲಿ ಕಂಡ್ರೆ ಗಾಬರಿ ಆಗ್ಬೇಡಿ.