ಶೇಕರ್ ಹಿಡಿದ ಮೇಲೆ ಓದಿದ ಪುಸ್ತಕಗಳು

ಬೆಂಗಳೂರಿನ ಬಾರೊಂದರಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ ಮೊಬೈಲಿನಲ್ಲಿ ಇನ್ನೂರಕ್ಕೂ ಹೆಚ್ಚು ಕಾಕ್‌ಟೇಲ್ ರೆಸಿಪಿ ಕೂಡಿಹಾಕಿಕೊಂಡಿದ್ದೆ. ಒಂದು ಶನಿವಾರ, ವಾರವಾರ ಬರುವ ಹಿರಿಯರೊಬ್ಬರು ಡೈಕಿರಿಯ (ರಮ್, ನಿಂಬೆರಸ, ಸಕ್ಕರೆ ಪಾಕ ಸೇರಿಸಿ ಕುಲುಕಿದ ಕಾಕ್‌ಟೇಲ್) ಮೊದಲ ಗುಟುಕಿಗೇ, "ಯಾಕಪ್ಪಾ, ಹೋದ ವಾರದ ಹಾಗಿಲ್ವಲ್ಲ ಇದು?" ಅಂದರು. ಅದೇ ರಮ್, ಅದೇ ಅಳತೆ. ಏನು ಕೆಟ್ಟಿತು ಅಂತ ಹೇಳಲು ನನಗೆ ಗೊತ್ತಾಗಲಿಲ್ಲ. ರೆಸಿಪಿ ಹುಡುಕುವುದು ಬಿಟ್ಟು ಪುಸ್ತಕ ಹುಡುಕಿದ್ದು ಆಮೇಲೆ.

ಹೆಸರು ಕೇಳಿ ಮೊದಲು ಕೊಂಡದ್ದು 'ದಿ ಸೆವಾಯ್ ಕಾಕ್‌ಟೇಲ್ ಬುಕ್'. ಲಂಡನ್ನಿನ ಸೆವಾಯ್ ಹೋಟೆಲಿನ ಹ್ಯಾರಿ ಕ್ರ್ಯಾಡಕ್ 1930ರಲ್ಲಿ ತಂದದ್ದು. ನೋಡಲು ಕಣ್ಣಿಗೆ ಹಬ್ಬ. ಆದರೆ ಅರ್ಧ ಪಾಲು, ಕಾಲು ಪಾಲು ಎಂದು ಹೇಳಿ, ಕುಲುಕಿ ಸೋಸಿ ಎಂದು ಮುಗಿಸಿಬಿಡುತ್ತದೆ. ಕೈ ಪಳಗಿದವರಿಗೆ ಅಷ್ಟು ಸಾಕು, ಕಲಿಯುವವರಿಗೆ ಸಾಲದು. ಯಾರಾದರೂ ಕೇಳಿದರೆ ಇದನ್ನು ನಾಲ್ಕನೆಯದಾಗಿ ಕೊಳ್ಳಿ ಎನ್ನುತ್ತೇನೆ.

ಮೊದಲು ಕೊಳ್ಳಬೇಕಾದದ್ದು ಜೆಫ್ರಿ ಮಾರ್ಗೆಂಥೇಲರ್ ಅವರ 'ದಿ ಬಾರ್ ಬುಕ್' (2014). ಅದು ಡ್ರಿಂಕ್‌ಗಳ ಪಟ್ಟಿಯಲ್ಲ, ಕೆಲಸದ ಪುಸ್ತಕ: ಹಣ್ಣಿನ ರಸಕ್ಕೆ, ಸಕ್ಕರೆ ಪಾಕಕ್ಕೆ, ಐಸಿಗೆ, ಕುಲುಕುವುದಕ್ಕೆ ಬೇರೆಬೇರೆ ಅಧ್ಯಾಯ. ಅದನ್ನು ಪಕ್ಕಕ್ಕಿಟ್ಟುಕೊಂಡು ಬಾರ್ ತೆರೆಯುವ ಮುಂಚೆ ಎರಡು ಡೈಕಿರಿ ಮಾಡಿದೆ. ಎರಡಕ್ಕೂ 60 ಎಂಎಲ್ ಬಿಳಿ ರಮ್, 30 ನಿಂಬೆರಸ, 20 ಪಾಕ. ಒಂದಕ್ಕೆ ಫ್ರೀಜರಿನಿಂದ ಆಗತಾನೆ ತೆಗೆದ ಐಸ್, ಇನ್ನೊಂದಕ್ಕೆ ಬಕೆಟಿನ ತಳದಲ್ಲಿ ನೀರೂರಿಕೊಂಡು ಕೂತಿದ್ದ ಐಸ್. ಎರಡನ್ನೂ 12 ಸೆಕೆಂಡ್ ಕುಲುಕಿ ಸೋಸಿದೆ. ಎರಡನೆಯದು ಗ್ಲಾಸಿನ ಅಂಚಿಗೇ ಬಂತು. ನಾಲಿಗೆಗೆ ಇಟ್ಟರೆ ಹುಳಿಯೂ ಇಲ್ಲ, ರಮ್ಮೂ ಇಲ್ಲ, ನೀರುನೀರು. ಶನಿವಾರದ ಗಿರಾಕಿಗೆ ನಾನು ಕೊಟ್ಟದ್ದು ಇದನ್ನೇ.

ಕಾರಣ ಸಿಕ್ಕಿದ್ದು ಅದೇ ವರ್ಷ ಬಂದ, ಡೇವ್ ಆರ್ನಾಲ್ಡ್ ಅವರ 'ಲಿಕ್ವಿಡ್ ಇಂಟೆಲಿಜೆನ್ಸ್'ನಲ್ಲಿ. ಒಂದು ಗ್ರಾಂ ಐಸ್ ಕರಗಲು ಸುಮಾರು 80 ಕ್ಯಾಲರಿ ಶಾಖ ಬೇಕು, ಆ ಶಾಖವನ್ನು ಅದು ಡ್ರಿಂಕಿನಿಂದ ಎಳೆದುಕೊಳ್ಳುತ್ತದೆ. ತಣ್ಣಗಾಗುವುದೂ ನೀರು ಸೇರುವುದೂ ಒಂದೇ ಕೆಲಸ. ಐಸಿನ ಮೈಗೆ ಅಂಟಿದ ನೀರು ಮಾತ್ರ ಆಗಲೇ ಕರಗಿ ಮುಗಿದಿರುತ್ತದೆ. ಅದರಿಂದ ತಂಪು ಬರುವುದು ಅತ್ಯಲ್ಪ. ಈ ಪುಸ್ತಕ ಪೂರ್ತಿ ಓದಲು ನನಗೆ ಎಂಟು ತಿಂಗಳು ಹಿಡಿಯಿತು. ಅವಸರ ಬೇಡ, ಐಸಿನ ಭಾಗವನ್ನಾದರೂ ಓದಿ.

ಅಮೆರಿಕದ ಪುಸ್ತಕಗಳಲ್ಲಿ ಅಳತೆ ಔನ್ಸಿನಲ್ಲಿರುತ್ತದೆ. ಒಂದು ಔನ್ಸ್ ಅಂದರೆ ಹೆಚ್ಚುಕಡಿಮೆ ನಮ್ಮ 30 ಎಂಎಲ್ ಸ್ಮಾಲ್ ಪೆಗ್, ತಲೆ ಕೆಡಿಸಿಕೊಳ್ಳಬೇಕಿಲ್ಲ.

ನನಗೆ ಅತಿ ಪ್ರಿಯವಾದದ್ದು ಡೇವಿಡ್ ಎಂಬರಿ 1948ರಲ್ಲಿ ಬರೆದ 'ದಿ ಫೈನ್ ಆರ್ಟ್ ಆಫ್ ಮಿಕ್ಸಿಂಗ್ ಡ್ರಿಂಕ್ಸ್'. ಆತ ವಕೀಲ, ಬಾರಿನವನಲ್ಲ. ಅದಕ್ಕೇ ಪ್ರತಿಯೊಂದಕ್ಕೂ ಯಾಕೆ ಎಂದು ವಾದ ಹೂಡುತ್ತಾನೆ. ಹುಳಿ ಡ್ರಿಂಕಿಗೆ ಅವನ ಲೆಕ್ಕ 8 ಪಾಲು ಮದ್ಯ, 2 ಹುಳಿ, 1 ಸಿಹಿ. ನನ್ನ ನಾಲಿಗೆಗೆ ಅದು ವಿಪರೀತ ಕಡಕ್. ಆದರೂ ಅವನು ಹೇಳುವ ಆರು ಮೂಲ ಡ್ರಿಂಕ್‌ಗಳಲ್ಲಿ ಮಾರ್ಟಿನಿ, ಮ್ಯಾನ್‌ಹಟನ್, ಓಲ್ಡ್ ಫ್ಯಾಷನ್ಡ್, ಡೈಕಿರಿ, ಸೈಡ್‌ಕಾರ್ ಐದನ್ನು ವಾರಕ್ಕೊಂದರಂತೆ ಮಾಡುತ್ತಾ ಹೋದೆ. ಆರನೆಯದಾದ ಜ್ಯಾಕ್ ರೋಸ್‌ಗೆ ಬೇಕಾದ ಸೇಬಿನ ಬ್ರಾಂಡಿ ನನಗೆ ಸಿಗಲಿಲ್ಲ. ಐದನೇ ವಾರ ಮುಗಿದಾಗ ಮೊಬೈಲಿನ ಪಟ್ಟಿ ಅಳಿಸಿದೆ.

ಈಗ ನಮ್ಮ ಐಸ್ ಬಕೆಟಿನ ತಳದಲ್ಲಿ ತೂತಿನ ತಟ್ಟೆ ಇದೆ. ಹೊಸ ಹುಡುಗರಿಗೆ ಮೊದಲ ದಿನ ಅದನ್ನು ತೋರಿಸುತ್ತೇನೆ, ಶೇಕರ್ ಎರಡನೆಯ ದಿನ.