ಹಳೆಯ ಫೋನಿನ ಬೇಡದ ಆ್ಯಪ್‌ಗಳನ್ನು ರೂಟ್ ಮಾಡಿ ತೆಗೆದ ಬಗೆ: ನನ್ನ ಅನುಭವ

2015ರಲ್ಲಿ ಕೊಂಡ ಆಂಡ್ರಾಯ್ಡ್ 5.1ರ ಫೋನೊಂದು ನಮ್ಮ ಮನೆಯಲ್ಲಿ ಬಹಳ ಕಾಲ ಬಳಕೆಯಿಲ್ಲದೆ ಉಳಿದಿತ್ತು. ಮೀಡಿಯಾಟೆಕ್ ಚಿಪ್, 1 ಜಿಬಿ ರ‍್ಯಾಮ್, 8 ಜಿಬಿ ಸಂಗ್ರಹ. ಪರದೆ ಚೆನ್ನಾಗಿತ್ತು, ಬ್ಯಾಟರಿಯೂ ಒಂದು ದಿನ ಬರುತ್ತಿತ್ತು. ಆದರೂ ಅದನ್ನು ಕೈಗೆತ್ತಿಕೊಳ್ಳಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ. ಏಕೆಂದರೆ ತಯಾರಕರು ಮೊದಲೇ ತುಂಬಿಸಿ ಕಳಿಸಿದ್ದ ಆ್ಯಪ್‌ಗಳು ಹಿನ್ನೆಲೆಯಲ್ಲಿ ಓಡುತ್ತ, ಇದ್ದ ಅಲ್ಪ ರ‍್ಯಾಮನ್ನೂ ನುಂಗುತ್ತ, ಆಗಾಗ ಜಾಹೀರಾತಿನ ಸೂಚನೆಗಳನ್ನು ಪರದೆಯ ಮೇಲೆ ತಳ್ಳುತ್ತಿದ್ದವು. ತಂದೆಯವರಿಗೆ ಆಕಾಶವಾಣಿ ಕೇಳಲು ಮತ್ತು ಕನ್ನಡ ಪತ್ರಿಕೆ ಓದಲು ಒಂದು ಪ್ರತ್ಯೇಕ ಫೋನ್ ಬೇಕಾಗಿತ್ತು. ಹೊಸದನ್ನು ಕೊಳ್ಳುವುದಕ್ಕಿಂತ ಇದನ್ನೇ ಶುಚಿಗೊಳಿಸುವುದು ಸರಿಯೆಂದು ತೀರ್ಮಾನಿಸಿ, ಅದನ್ನು ರೂಟ್ ಮಾಡಿ, ಅಂದರೆ ತಯಾರಕರು ಬಳಕೆದಾರರಿಗೆ ಕೊಡದ ಪೂರ್ಣ ಅಧಿಕಾರವನ್ನು ಪಡೆದು, ಬೇಡದ್ದನ್ನೆಲ್ಲ ತೆಗೆದೆ.

ಈ ಕೆಲಸಕ್ಕೆ ಇಳಿಯುವವರು ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. ತಯಾರಕರು ಕೂರಿಸಿದ ಆ್ಯಪ್‌ಗಳು ಸಿಸ್ಟಮ್ ಎಂಬ ಪ್ರತ್ಯೇಕ ಪಾರ್ಟಿಷನ್‌ನಲ್ಲಿ, ಅಂದರೆ ಸಂಗ್ರಹದ ಒಂದು ವಿಭಾಗದಲ್ಲಿ, ಇರುತ್ತವೆ. ನಮ್ಮ ಫೋಟೊ, ಹಾಡು, ನಾವಾಗಿ ಹಾಕಿಕೊಂಡ ಆ್ಯಪ್‌ಗಳು ಡೇಟಾ ಪಾರ್ಟಿಷನ್‌ನಲ್ಲಿರುತ್ತವೆ. ಎರಡರ ಅಳತೆಯೂ ಮೊದಲೇ ನಿಗದಿಯಾಗಿರುವುದರಿಂದ ಸಿಸ್ಟಮ್‌ನಿಂದ ನೂರಾರು ಎಂಬಿ ಅಳಿಸಿದರೂ ನಮ್ಮ ಫೋಟೊಗಳಿಗೆ ಆ ಜಾಗ ಸಿಗುವುದಿಲ್ಲ. ನಿಜವಾಗಿ ಸಿಗುವ ಜಾಗ ಬೇರೆ ಕಡೆಯಿಂದ ಬರುತ್ತದೆ. ಸಿಸ್ಟಮ್ ಆ್ಯಪ್ ಒಂದು ಅಪ್‌ಡೇಟ್ ಆದಾಗ ಅದರ ಹೊಸ ಪ್ರತಿ ಡೇಟಾ ಪಾರ್ಟಿಷನ್‌ನಲ್ಲಿ ಕೂರುತ್ತದೆ, ಹಳೆಯ ಪ್ರತಿ ಇದ್ದಲ್ಲೇ ಉಳಿಯುತ್ತದೆ. ಜೊತೆಗೆ ಆಂಡ್ರಾಯ್ಡ್ 5 ಪ್ರತಿ ಆ್ಯಪನ್ನೂ ಅನುಸ್ಥಾಪನೆಯ ಹೊತ್ತಿನಲ್ಲೇ ಕಂಪೈಲ್ ಮಾಡಿ (ಚಿಪ್ ನೇರವಾಗಿ ಓಡಿಸಬಲ್ಲ ರೂಪಕ್ಕೆ ತಿರುಗಿಸಿ) ಇಟ್ಟುಕೊಳ್ಳುವುದರಿಂದ ಅದಕ್ಕೂ ಡೇಟಾದ ಜಾಗವೇ ಖರ್ಚಾಗುತ್ತದೆ. ಬೇಡದ ಆ್ಯಪ್ ಹೋದರೆ ಈ ಹೊಸ ಪ್ರತಿ, ಕಂಪೈಲ್ ಆದ ಕಡತ, ಕ್ಯಾಶ್ (ತಾತ್ಕಾಲಿಕ ಕಡತಗಳು) ಎಲ್ಲವೂ ಹೋಗುತ್ತವೆ. ಅದಕ್ಕಿಂತ ದೊಡ್ಡ ಲಾಭವೆಂದರೆ ರ‍್ಯಾಮ್ ಬಿಡುವಾಗುವುದು ಮತ್ತು ಫೋನ್ ಸುಮ್ಮನಾಗುವುದು.

ರೂಟ್ ಮಾಡುವ ಮುನ್ನ ರೂಟ್ ಇಲ್ಲದೆಯೇ ಆಗುವಷ್ಟನ್ನು ಮಾಡಿ ನೋಡಿದೆ. ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯಲ್ಲಿ ಅಪ್‌ಡೇಟ್‌ಗಳನ್ನು ತೆಗೆದು, ಡಿಸೇಬಲ್ ಗುಂಡಿ ಒತ್ತಿದರೆ ಕೆಲವು ಆ್ಯಪ್‌ಗಳು ಅಲ್ಲಿಗೇ ಅಡಗುತ್ತವೆ. ಆದರೆ ನಿಜವಾಗಿ ಕಾಟ ಕೊಡುತ್ತಿದ್ದ, ತಯಾರಕರದೇ ಆದ ಆ್ಯಪ್ ಅಂಗಡಿ, ಆಟಗಳ ಆ್ಯಪ್, ಮತ್ತು ಹೆಸರೇ ಇಲ್ಲದ ಜಾಹೀರಾತು ಸೇವೆಯಂಥವುಗಳಲ್ಲಿ ಆ ಗುಂಡಿ ಬೂದುಬಣ್ಣಕ್ಕೆ ತಿರುಗಿ ಒತ್ತಲಾಗದಂತಿತ್ತು. ರೂಟ್ ಅಗತ್ಯವಾದದ್ದು ಇವುಗಳಿಗಾಗಿ.

ಒಂದೇ ಗುಂಡಿಯಲ್ಲಿ ರೂಟ್ ಮಾಡಿಕೊಡುವ ಆ್ಯಪ್‌ಗಳು ಆ ಕಾಲದಲ್ಲಿ ಬಹಳ ಪ್ರಚಾರದಲ್ಲಿದ್ದವು. ಅವು ಆಂಡ್ರಾಯ್ಡ್‌ನ ತಿರುಳಾದ ಕರ್ನಲ್‌ನ ದೋಷವನ್ನು ಬಳಸಿ ಒಳನುಗ್ಗುತ್ತವೆ; 2014ರಲ್ಲಿ ಜಾರ್ಜ್ ಹಾಟ್ಜ್ ಬಿಡುಗಡೆ ಮಾಡಿದ ಟವೆಲ್‌ರೂಟ್ ಲಿನಕ್ಸ್ ಕರ್ನಲ್‌ನ ಫ್ಯೂಟೆಕ್ಸ್ ಎಂಬ ಭಾಗದ ದೋಷವನ್ನು ಹೀಗೆಯೇ ಬಳಸಿತು. ಆದರೆ ಈ ಬಗೆಯ ಬಹುತೇಕ ಆ್ಯಪ್‌ಗಳ ಮೂಲಸಂಕೇತ ಯಾರಿಗೂ ಸಿಗುವುದಿಲ್ಲ. ಬೇಡದ ಆ್ಯಪ್ ತೆಗೆಯಲು ಹೊರಟು, ಒಳಗೇನಿದೆಯೆಂದು ತಿಳಿಯದ ಇನ್ನೊಂದು ಆ್ಯಪ್‌ಗೆ ಫೋನಿನ ಪೂರ್ಣ ಅಧಿಕಾರ ಕೊಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಆದ್ದರಿಂದ ರಿಕವರಿಯನ್ನು, ಅಂದರೆ ಆಂಡ್ರಾಯ್ಡ್ ತೆರೆಯದೆಯೇ ದುರಸ್ತಿಗೆಂದು ಬಳಸುವ ಪುಟ್ಟ ವ್ಯವಸ್ಥೆಯನ್ನು, ಬದಲಿಸುವ ಉದ್ದದ ದಾರಿಯನ್ನೇ ಹಿಡಿದೆ.

ಮೀಡಿಯಾಟೆಕ್ ಫೋನುಗಳ ಪಾರ್ಟಿಷನ್‌ಗಳಿಗೆ ಕಂಪ್ಯೂಟರಿನಿಂದ ಬರೆಯಲು ಎಸ್‌ಪಿ ಫ್ಲ್ಯಾಶ್ ಟೂಲ್ ಎಂಬ ತಂತ್ರಾಂಶವಿದೆ. ಕಂಪ್ಯೂಟರಿನಲ್ಲಿ ಫೋನನ್ನು ಗುರುತಿಸುವ ವಿಕಾಮ್ ಡ್ರೈವರ್ ಹಾಕಿ, ಫೋನಿನ ಪಾರ್ಟಿಷನ್‌ಗಳ ವಿಳಾಸವಿರುವ ಸ್ಕ್ಯಾಟರ್ ಕಡತವನ್ನು ತೆರೆದು, ಪಟ್ಟಿಯಲ್ಲಿ ರಿಕವರಿ ಒಂದನ್ನು ಬಿಟ್ಟು ಉಳಿದೆಲ್ಲ ಗುರುತುಗಳನ್ನು ತೆಗೆದೆ. ಅಲ್ಲಿ ಡೌನ್‌ಲೋಡ್ ಓನ್ಲಿ ಎಂಬುದನ್ನೇ ಆರಿಸಬೇಕು. ಫಾರ್ಮ್ಯಾಟ್ ಆಲ್ ಎಂಬುದನ್ನು ಆರಿಸಿದರೆ ಐಎಂಇಐ ಸಂಖ್ಯೆಯಿರುವ ಎನ್‌ವಿರ‍್ಯಾಮ್ ಭಾಗವೂ ಅಳಿದುಹೋಗಿ ಫೋನ್ ನೆಟ್‌ವರ್ಕ್ ಹಿಡಿಯದಂತಾಗುತ್ತದೆ. ಫೋನನ್ನು ಪೂರ್ತಿ ಆಫ್ ಮಾಡಿ ಕೇಬಲ್ ಚುಚ್ಚಿದೊಡನೆ ಪಟ್ಟಿ ಓಡಿ, ಹಸಿರು ಗುರುತು ಮೂಡುತ್ತದೆ. ಕೇಬಲ್ ತೆಗೆದ ಮೇಲೆ ಫೋನನ್ನು ಸಾಮಾನ್ಯವಾಗಿ ಆನ್ ಮಾಡದೆ, ವಾಲ್ಯೂಮ್ ಅಪ್ ಮತ್ತು ಪವರ್ ಒಟ್ಟಿಗೆ ಒತ್ತಿ ನೇರವಾಗಿ ಹೊಸ ರಿಕವರಿಗೆ ಹೋಗುವುದು ಮುಖ್ಯ. ಏಕೆಂದರೆ ಒಮ್ಮೆ ಮಾಮೂಲಿಯಾಗಿ ಬೂಟ್ ಆದರೆ ಅನೇಕ ಫೋನುಗಳು ಹಳೆಯ ರಿಕವರಿಯನ್ನು ತಾವಾಗಿಯೇ ಮರಳಿ ಬರೆದುಬಿಡುತ್ತವೆ. ಫೋನ್ ಆನ್ ಆದಾಗ ಮೊದಲು ಓಡುವ ಬೂಟ್‌ಲೋಡರ್‌ಗೆ ಬೀಗವಿರುವ ಫೋನುಗಳಲ್ಲಿ ಇದಕ್ಕೂ ಮೊದಲು ಅದನ್ನು ತೆರೆಯಬೇಕಾಗುತ್ತದೆ, ಹಾಗೆ ತೆರೆದಾಗ ಫೋನಿನಲ್ಲಿರುವ ಮಾಹಿತಿಯೆಲ್ಲ ಅಳಿಯುತ್ತದೆ. ನನ್ನ ಫೋನಿನಲ್ಲಿ ಆ ಬೀಗವಿರಲಿಲ್ಲ.

ನಾನು ಹಾಕಿದ್ದು ಟಿಡಬ್ಲ್ಯೂಆರ್‌ಪಿ ರಿಕವರಿ. ಅದು ಮೊದಲು ತೆರೆದಾಗಲೇ ಸಿಸ್ಟಮ್ ಪಾರ್ಟಿಷನ್ ಅನ್ನು ಓದಲಷ್ಟೇ ಬಿಡಬೇಕೇ, ಬದಲಾವಣೆಗೆ ಒಪ್ಪಿಗೆಯೇ ಎಂದು ಕೇಳುತ್ತದೆ. ಮೊದಲ ಸಲ ಓದಲಷ್ಟೇ ಎಂದು ಆರಿಸಿ, ಬೂಟ್, ಸಿಸ್ಟಮ್, ಡೇಟಾ, ಎನ್‌ವಿರ‍್ಯಾಮ್ ನಾಲ್ಕನ್ನೂ ಮೆಮೊರಿ ಕಾರ್ಡಿಗೆ ಬ್ಯಾಕಪ್ ತೆಗೆದು, ಅದನ್ನು ಕಂಪ್ಯೂಟರಿಗೂ ನಕಲಿಸಿಕೊಂಡೆ. ಈ ಒಂದು ಬ್ಯಾಕಪ್ ಇದ್ದರೆ ಮುಂದೆ ಯಾವ ಆ್ಯಪ್ ತೆಗೆದು ಫೋನ್ ಬೂಟ್ ಆಗದೆ ಲೋಗೋದಲ್ಲೇ ನಿಂತರೂ ಮೊದಲಿದ್ದ ಸ್ಥಿತಿಗೆ ಮರಳಬಹುದು. ಇದಿಲ್ಲದೆ ಮುಂದಿನ ಹೆಜ್ಜೆ ಇಡಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ಬಳಿಕ ಚೈನ್‌ಫೈರ್ ಎಂಬ ಹೆಸರಿನ ಡೆವಲಪರ್ ರೂಪಿಸಿದ ರೂಟ್ ಅಧಿಕಾರ ಕೊಡುವ ಸೂಪರ್‌ಎಸ್‌ಯು ಜಿಪ್ ಕಡತವನ್ನು ರಿಕವರಿಯಿಂದ ಹಾಕಿದೆ. 2016ರಲ್ಲಿ ಬಂದ ಮ್ಯಾಜಿಸ್ಕ್ ಹೆಚ್ಚು ಚೊಕ್ಕವಾದ ಸಾಧನವಾದರೂ ಅದರ ಈಗಿನ ಆವೃತ್ತಿಗಳಿಗೆ ಆಂಡ್ರಾಯ್ಡ್ 6 ಆದರೂ ಬೇಕು.

ರೂಟ್ ಸಿಕ್ಕಿದ್ದು ಕೆಲಸದ ಸುಲಭದ ಅರ್ಧ ಮಾತ್ರ. ಯಾವ ಕಡತ ಏನು ಮಾಡುತ್ತದೆ ಎಂದು ಅರಿಯುವುದೇ ನಿಜವಾದ ಕೆಲಸ, ಅದಕ್ಕೆ ಅವಸರ ಆಗುವುದಿಲ್ಲ. ನಾನು ಅನುಸರಿಸಿದ ಕ್ರಮವೆಂದರೆ ಯಾವುದನ್ನೂ ಮೊದಲಿಗೆ ಅಳಿಸದೆ, ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಎಡಿಬಿ ಶೆಲ್‌ನಲ್ಲಿ ರೂಟ್ ಪಡೆದು, ಪ್ಯಾಕೇಜ್ ಮ್ಯಾನೇಜರಿನ ಡಿಸೇಬಲ್ ಆಜ್ಞೆಯಿಂದ ಒಂದೆರಡನ್ನು ನಿಲ್ಲಿಸಿ, ಫೋನನ್ನು ಮರಳಿ ಆನ್ ಮಾಡಿ, ಕರೆ, ಎಸ್‌ಎಂಎಸ್, ಕ್ಯಾಮೆರಾ, ವೈಫೈ, ಅಲಾರಂ ಇವೆಲ್ಲ ಸರಿಯಾಗಿವೆಯೇ ಎಂದು ಕೆಲವು ದಿನ ಬಳಸಿ ನೋಡುವುದು. ಹೆಚ್ಚುಕಡಿಮೆಯಾದರೆ ಎನೇಬಲ್ ಆಜ್ಞೆ ಕೊಟ್ಟರೆ ಸಾಕು, ಆ್ಯಪ್ ಮರಳುತ್ತದೆ. ಹೀಗೆ ನಿಲ್ಲಿಸಿದವುಗಳಲ್ಲಿ ಕೆಲವು ತಮ್ಮ ಸೇವೆಯೇ ಸತ್ತುಹೋದ ಆ್ಯಪ್‌ಗಳಾಗಿದ್ದವು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಸಾರ್ವಜನಿಕರ ಪಾಲಿಗೆ ಮುಚ್ಚಿತು, ಹ್ಯಾಂಗೌಟ್ಸ್ 2022ರ ನವೆಂಬರಿನಲ್ಲಿ ನಿಂತಿತು. ಆದರೂ ಎರಡೂ ನನ್ನ ಫೋನಿನ ಸಿಸ್ಟಮ್‌ನಲ್ಲಿ ಭದ್ರವಾಗಿ ಕುಳಿತಿದ್ದವು.

ಮುಟ್ಟಬಾರದವುಗಳ ಹೆಸರುಗಳು ನೋಡಲು ನಿರುಪಯುಕ್ತವೆನಿಸುತ್ತವೆ, ಮೋಸ ಹೋಗುವುದು ಅಲ್ಲಿಯೇ. ಕಾಂಟ್ಯಾಕ್ಟ್ಸ್ ಸ್ಟೋರೇಜ್, ಟೆಲಿಫೋನಿ ಪ್ರೊವೈಡರ್, ಸಿಸ್ಟಮ್ ಯುಐ, ಪ್ಯಾಕೇಜ್ ಇನ್‌ಸ್ಟಾಲರ್ ಇವುಗಳಿಗೆ ಪರದೆಯ ಮೇಲೆ ಐಕಾನ್ ಇರುವುದಿಲ್ಲ, ಆದರೆ ಇವಿಲ್ಲದೆ ಫೋನ್ ನಡೆಯದು. ಮೀಡಿಯಾ ಸ್ಟೋರೇಜ್ ನಿಂತರೆ ಗ್ಯಾಲರಿಯಲ್ಲಿ ಹೊಸ ಚಿತ್ರಗಳು ಕಾಣುವುದಿಲ್ಲ. ಆಂಡ್ರಾಯ್ಡ್ 5ರಿಂದ ವೆಬ್‌ವ್ಯೂ ಪ್ರತ್ಯೇಕ ಆ್ಯಪ್ ಆಗಿದೆ. ಬ್ರೌಸರ್ ಎರಡೆರಡು ಏಕೆಂದು ಅದನ್ನು ತೆಗೆದರೆ ಒಳಗೆ ವೆಬ್ ಪುಟ ತೋರಿಸುವ ಪತ್ರಿಕೆಯ ಆ್ಯಪ್‌ಗಳೆಲ್ಲ ಮುಚ್ಚಿಕೊಳ್ಳುತ್ತವೆ. ಕೀಲಿಮಣೆಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಪಾಸ್‌ವರ್ಡ್ ಬೀಗವಿಟ್ಟ ಫೋನಿನಲ್ಲಿ ಇದ್ದ ಒಂದೇ ಕೀಲಿಮಣೆಯನ್ನು ತೆಗೆದರೆ ಬೀಗ ತೆರೆಯಲು ಅಕ್ಷರ ಒತ್ತುವ ದಾರಿಯೇ ಉಳಿಯುವುದಿಲ್ಲ. ನಾನು ಮೊದಲು ಕನ್ನಡ ಬರೆಯಬಲ್ಲ ಇಂಡಿಕ್ ಕೀಬೋರ್ಡನ್ನು ಹಾಕಿ, ಅದನ್ನೇ ಮುಖ್ಯ ಕೀಲಿಮಣೆಯಾಗಿ ಆರಿಸಿ, ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿದ ಮೇಲಷ್ಟೇ ತಯಾರಕರ ಕೀಲಿಮಣೆಯನ್ನು ನಿಲ್ಲಿಸಿದೆ.

ಅಪ್‌ಡೇಟ್ ತರುವ ಆ್ಯಪ್‌ನ ಬಗ್ಗೆ ಹೆಚ್ಚು ಯೋಚಿಸಬೇಕಾಯಿತು. 2016ರ ನವೆಂಬರಿನಲ್ಲಿ ಕ್ರಿಪ್ಟೊವೈರ್ ಎಂಬ ಭದ್ರತಾ ಸಂಸ್ಥೆ, ಶಾಂಘೈನ ಆಡಪ್ಸ್ ಕಂಪನಿಯ ಅಪ್‌ಡೇಟ್ ತಂತ್ರಾಂಶವು ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಕೆಲವು ಅಗ್ಗದ ಫೋನುಗಳಿಂದ ಎಸ್‌ಎಂಎಸ್‌ಗಳನ್ನೂ ಕರೆಗಳ ವಿವರವನ್ನೂ ಚೀನಾದ ಸರ್ವರ್‌ಗೆ ಕಳಿಸುತ್ತಿತ್ತೆಂದು ಬಯಲಿಗೆಳೆದಿತ್ತು. ನನ್ನ ಫೋನಿನಲ್ಲಿದ್ದದ್ದು ಆ ಕಂಪನಿಯದಲ್ಲ. ಆದರೂ ಹೊಸ ಅಪ್‌ಡೇಟ್ ಬರುವ ಕಾಲ ಎಂದೋ ಮುಗಿದ ಫೋನಿನಲ್ಲಿ, ಸಿಸ್ಟಮ್‌ನ ಪೂರ್ಣ ಅಧಿಕಾರವಿರುವ ಆ್ಯಪೊಂದು ಸದಾ ಇಂಟರ್ನೆಟ್‌ಗೆ ಕಿವಿಗೊಟ್ಟು ಕೂರುವುದರಲ್ಲಿ ಅರ್ಥವಿಲ್ಲ. ಅದನ್ನೂ ತೆಗೆದೆ. ಹೇಗಿದ್ದರೂ ಆಂಡ್ರಾಯ್ಡ್ 5ರ ನಂತರ ಅಧಿಕೃತ ಅಪ್‌ಡೇಟ್‌ಗಳು ಪಾರ್ಟಿಷನ್ ಅನ್ನು ಬ್ಲಾಕ್ ಬ್ಲಾಕಾಗಿ ತಾಳೆ ನೋಡುವುದರಿಂದ, ಸಿಸ್ಟಮ್ ಒಮ್ಮೆ ಬದಲಾದ ಫೋನಿನಲ್ಲಿ ಅವು ವಿಫಲವಾಗುತ್ತವೆ.

ನಿಲ್ಲಿಸಿದ ಆ್ಯಪ್‌ಗಳಿಂದ ತೊಂದರೆಯಿಲ್ಲವೆಂದು ಖಚಿತವಾದ ಮೇಲೆ ರಿಕವರಿಗೆ ಹೋಗಿ, ಸಿಸ್ಟಮ್ ಪಾರ್ಟಿಷನ್ ಮೌಂಟ್ ಮಾಡಿ (ಬಳಕೆಗೆ ತೆರೆದು), ಅಲ್ಲಿನ ಫೈಲ್ ಮ್ಯಾನೇಜರಿನಿಂದ ಅಳಿಸಿದೆ. ಆ್ಯಪ್‌ಗಳಿರುವುದು ಆ್ಯಪ್ ಮತ್ತು ಪ್ರಿವ್-ಆ್ಯಪ್ ಎಂಬ ಎರಡು ಫೋಲ್ಡರುಗಳಲ್ಲಿ. ಆಂಡ್ರಾಯ್ಡ್ 4.4ರವರೆಗೆ ಆ್ಯಪ್‌ನ ಮೂಲವಾದ ಎಪಿಕೆ ಕಡತವೂ ಅದನ್ನು ಬೇಗ ಓಡಿಸಲು ಮೊದಲೇ ಸಿದ್ಧಪಡಿಸಿದ ಓಡೆಕ್ಸ್ ಕಡತವೂ ಅಲ್ಲಿ ಬಿಡಿಬಿಡಿಯಾಗಿರುತ್ತಿದ್ದವು, ಎರಡನ್ನೂ ಹುಡುಕಿ ತೆಗೆಯಬೇಕಾಗಿತ್ತು. 5ರಿಂದ ಪ್ರತಿ ಆ್ಯಪ್‌ಗೂ ಅದರದೇ ಫೋಲ್ಡರ್ ಇರುವುದರಿಂದ ಅದನ್ನೇ ಇಡಿಯಾಗಿ ತೆಗೆದರಾಯಿತು. ಕೊನೆಗೆ ಕಂಪೈಲ್ ಆದ ಕಡತಗಳಿರುವ ಡಾಲ್ವಿಕ್ ಕ್ಯಾಶ್ ಒರೆಸಿ ಬೂಟ್ ಮಾಡಿದಾಗ, ಆ್ಯಪ್‌ಗಳನ್ನು ಸಿದ್ಧಗೊಳಿಸಲಾಗುತ್ತಿದೆ ಎಂಬ ಸೂಚನೆಯೊಂದಿಗೆ ಫೋನ್ ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಅದನ್ನು ನಿಲ್ಲಿಸದೆ ತಾಳ್ಮೆಯಿಂದ ಕಾಯಬೇಕು, ಬ್ಯಾಟರಿಯೂ ಅರ್ಧಕ್ಕಿಂತ ಹೆಚ್ಚಿರಬೇಕು.

ಇದೇ ಕ್ರಮ ಈಚಿನ ಫೋನುಗಳಿಗೆ ಹೊಂದುವುದಿಲ್ಲ. ಆಂಡ್ರಾಯ್ಡ್ 10ರೊಂದಿಗೆ ಬಂದ ಡೈನಮಿಕ್ ಪಾರ್ಟಿಷನ್ ವ್ಯವಸ್ಥೆಯಲ್ಲಿ ಸಿಸ್ಟಮ್‌ಗೆ ಬರೆಯುವುದು ಬಹುಮಟ್ಟಿಗೆ ಸಾಧ್ಯವಿಲ್ಲ. ಅಲ್ಲಿ ರೂಟ್ ಇಲ್ಲದೆಯೇ ಎಡಿಬಿ ಮೂಲಕ ಮೊದಲ ಬಳಕೆದಾರನ ಮಟ್ಟಿಗೆ ಆ್ಯಪನ್ನು ಅನ್‌ಇನ್‌ಸ್ಟಾಲ್ ಮಾಡುವುದೇ ಉಚಿತ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಅವು ಮರಳಿ ಬರುತ್ತವೆ ಎಂಬುದಷ್ಟೇ ಕೊರತೆ. ಹಣ ಕೊಟ್ಟು ಕೊಂಡ ವಸ್ತುವಿನಲ್ಲಿ ಏನಿರಬೇಕೆಂಬ ತೀರ್ಮಾನ ಕೊಂಡವರದಾಗಿರಬೇಕೆಂದು ನಾನು ನಂಬುತ್ತೇನೆ. ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 1337.76 ಕೋಟಿ ರೂಪಾಯಿ ದಂಡ ವಿಧಿಸಿದ ಆದೇಶದಲ್ಲಿ, ಮೊದಲೇ ಹಾಕಿದ ತನ್ನ ಆ್ಯಪ್‌ಗಳನ್ನು ಬಳಕೆದಾರರು ತೆಗೆಯುವುದಕ್ಕೆ ಅಡ್ಡಿಪಡಿಸಬಾರದೆಂದೂ ಹೇಳಿದ್ದು ನನಗೆ ಬಹಳ ಸಮಾಧಾನ ತಂದಿತು.

ಶುಚಿಗೊಳಿಸಿದ ಫೋನಿನಲ್ಲಿ ಬ್ಯಾಂಕಿನ ಆ್ಯಪನ್ನಾಗಲಿ ಯುಪಿಐ ಆ್ಯಪನ್ನಾಗಲಿ ಹಾಕಿಲ್ಲ. ರೂಟ್ ಆದ ಫೋನಿನಲ್ಲಿ ಅವುಗಳಲ್ಲಿ ಬಹಳಷ್ಟು ತೆರೆಯುವುದೇ ಇಲ್ಲ. ತೆರೆದರೂ, ಭದ್ರತಾ ತಿದ್ದುಪಡಿಗಳು ನಿಂತುಹೋದ ಆಂಡ್ರಾಯ್ಡ್ 5.1ರಲ್ಲಿ ಹಣದ ವ್ಯವಹಾರ ಸಲ್ಲದು. ಒಟಿಪಿ ಬರುವ ಸಿಮ್ ಕೂಡ ಅದರಲ್ಲಿಲ್ಲ, ವೈಫೈ ಒಂದರಿಂದಲೇ ಅದು ನಡೆಯುತ್ತಿದೆ. ಕೆಲಸ ಮುಗಿದ ಮೇಲೆ ರೂಟ್ ಅಧಿಕಾರವನ್ನು ಹಾಗೆಯೇ ಬಿಡುವ ಅಗತ್ಯವಿಲ್ಲವಾದ್ದರಿಂದ ಸೂಪರ್‌ಎಸ್‌ಯು ಸೆಟ್ಟಿಂಗ್ಸ್‌ನಲ್ಲಿರುವ ಫುಲ್ ಅನ್‌ರೂಟ್ ಆರಿಸಿ ಅದನ್ನೂ ತೆಗೆದುಹಾಕಿದೆ. ತೆಗೆದ ಆ್ಯಪ್‌ಗಳು ಇದರಿಂದ ಮರಳುವುದಿಲ್ಲ. ಫ್ಯಾಕ್ಟರಿ ರೀಸೆಟ್ ಅಳಿಸುವುದು ಡೇಟಾ ಪಾರ್ಟಿಷನ್ ಅನ್ನು ಮಾತ್ರವಾದ್ದರಿಂದ ಅದರಿಂದಲೂ ಮರಳುವುದಿಲ್ಲ. ಟಿಡಬ್ಲ್ಯೂಆರ್‌ಪಿಯನ್ನು ಉಳಿಸಿಕೊಂಡಿದ್ದೇನೆ, ಮೊದಲ ಬ್ಯಾಕಪ್ ಈಗಲೂ ಕಂಪ್ಯೂಟರಿನಲ್ಲಿದೆ.